ನಿಟ್ಟಿಂಗಲ್ಲಿ ಉರುಟು ನೆಕ್ ವಾರ್ಮರ್ ಹಾಕ್ತಾ ಇದ್ದೇನೆ, ಲೇಸ್ ಡಿಸೈನ್ ಓರೆ ಓಡ್ತಾ ಉಂಟು, ಯಾರಾದ್ರೂ ಹೇಳಿ

ಕದ್ರಿ_ಕಡ್ಡಿ:
ಎಲ್ರಿಗೂ ನಮಸ್ಕಾರ. ಮಂಗಳೂರಿನ ಸೆಕೆಗೆ ನೆಕ್ ವಾರ್ಮರ್ ಯಾರಿಗೆ ಮಾರಾಯ್ತಿ ಅಂತ ನಗ್ಬೇಡಿ, ಮಗಳು ಓದ್ಲಿಕ್ಕೆ ಜರ್ಮನಿಗೆ ಹೋಗ್ತಾಳೆ, ಅಕ್ಟೋಬರಲ್ಲಿ ಫ್ಲೈಟು, ಅಷ್ಟರೊಳಗೆ ಕೈಯಲ್ಲಿ ಹಾಕಿದ್ದು ಒಂದು ಕೊಟ್ಟು ಕಳಿಸುವ ಅಂತ ನನ್ನ ಆಸೆ. ಸ್ವೆಟರ್, ಮಕ್ಕಳ ಟೊಪ್ಪಿ ಎಲ್ಲ ಎರಡು ಕಡ್ಡಿಯಲ್ಲಿ ಹಾಕಿ ಅಭ್ಯಾಸ ಉಂಟು, ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದು. ಆದ್ರೆ ಸರ್ಕ್ಯುಲರ್ ಕಡ್ಡಿ, ಅಂದ್ರೆ ಎರಡು ಕಡ್ಡಿಯನ್ನು ವಯರಲ್ಲಿ ಜೋಡಿಸಿದ್ದು, ಅದನ್ನು ಹಿಡಿದದ್ದೇ ಈ ವಾರ.

ನನ್ನ ಹತ್ರ ಇರುದು ಮಫ್ಲರಿನ ಹಳೇ ಪ್ಯಾಟರ್ನ್, ಅಲೆ ಅಲೆ ಬರ್ತದಲ್ಲ ಅದು. 18 ಸ್ಟಿಚ್ಚಿಗೆ ಒಂದು ಪಾಲು ಡಿಸೈನ್, ಎಲ್ಲ ಪಾಲಿನ ಮೇಲಿಂದ 4 ಸ್ಟಿಚ್ ಜಾಸ್ತಿ ಅಂತ ಬರ್ದಿತ್ತು, ಹಾಗೆ 112 ಹಾಕಿ ಉರುಟು ಜಾಯಿನ್ ಮಾಡಿದೆ. 1ನೇ ಸಾಲು ಸೀದಾ (ಎದುರಿಗೆ ನುಣುಪು ಬರುವ ಸ್ಟಿಚ್), 2ನೇದು ಉಲ್ಟಾ (ಎದುರಿಗೆ ಉಬ್ಬು ಬರುವ ಸ್ಟಿಚ್), 3ರಲ್ಲಿ ಎರಡೆರಡು ಸೇರಿಸಿ ಮೂರು ಸಲ, ನೂಲು ಮುಂದೆ ತಂದು (ಅಲ್ಲೇ ಒಂದು ಸ್ಟಿಚ್ ಸೇರಿ ತೂತು ಬೀಳುದು) ಒಂದು ಸೀದಾ ಹೀಗೆ ಆರು ಸಲ, ಪುನಃ ಎರಡೆರಡು ಸೇರಿಸಿ ಮೂರು ಸಲ, 4ನೇ ಸಾಲು ಪೂರ್ತಿ ಸೀದಾ. 3ರಲ್ಲಿ ಅಂಚಿಗೆ ಎರಡೆರಡು ಸೀದಾ ಅಂತ ಇತ್ತು, ಉರುಟಿಗೆ ಅಂಚು ಎಲ್ಲಿಂದ ಅಂತ ಅದನ್ನು ಬಿಟ್ಟೆ. ಪ್ರತಿ ಸಲ ಕೊನೆಗೆ 4 ಸ್ಟಿಚ್ ಉಳೀತದೆ, ನಾನು ಅಲ್ಲಿಂದಲೇ ಮುಂದಿನ ಸುತ್ತು ಶುರು ಮಾಡುದು. ಈಗ ನಾಲ್ಕಿಂಚು ಆಗಿದೆ, ನೋಡಿದ್ರೆ ಅಲೆ ನೆಟ್ಟಗೆ ಮೇಲೆ ಹೋಗುದು ಬಿಟ್ಟು ಸ್ಕ್ರೂ ಹಾಗೆ ಸುತ್ತಿಕೊಂಡು ಹೋಗ್ತಾ ಉಂಟು! ಮತ್ತೆ ಆ ಉಬ್ಬು ಗೆರೆ ತೂತಿನ ಕೆಳಗೆ ಬಂದಿದೆ, ಪ್ಯಾಟರ್ನಿನ ಫೋಟೋದಲ್ಲಿ ಮೇಲೆ ಉಂಟು. ಎಂತ ತಪ್ಪಿದ್ದು?

ಮಳೆ_ಬಿಟ್ಟಿಲ್ಲ:
ಜಾಯಿನ್ ಮಾಡುವಾಗ ತಿರುಚಿ ಹೋಗಿರ್ಬೇಕು ನೋಡಿ, ನಂಗೂ ಒಮ್ಮೆ ಹಾಗೆ ಆದದ್ದು.

ಕದ್ರಿ_ಕಡ್ಡಿ:
ಇಲ್ಲ ಅದು ನೋಡಿದ್ದೇನೆ, ಕೆಳಗಿನ ಅಂಚು ಸುತ್ತಲೂ ಸಮ ಉಂಟು.

ಉಡುಪಿ_ಉಲ್ಲನ್:
ತಿರುಚಿದ್ದಲ್ಲ. ಅಕ್ಕ, ಆ 4 ಸ್ಟಿಚ್ಚೇ ಕಳ್ಳ. ಅದು ಮಫ್ಲರಿನ ಎರಡು ಬದಿ ಅಂಚಿಗೆ ಇಟ್ಟದ್ದು. ನೀವು ಅಂಚಿನ ಕೆಲಸ ಬಿಟ್ರಿ, ಅಂಚಿನ ಸ್ಟಿಚ್ ಬಿಡ್ಲಿಲ್ಲ. 18ರ ಆರು ಪಾಲು ಅಂದ್ರೆ 108, ಉಳಿದ 4ರಿಂದಲೇ ಮುಂದಿನ ಸುತ್ತು ಶುರು ಮಾಡಿದ್ರೆ ಪ್ರತಿ ಡಿಸೈನ್ ಸುತ್ತಿಗೂ ಆರಂಭದ ಜಾಗ 4 ಸ್ಟಿಚ್ ಹಿಂದೆ ಬರ್ತದೆ, ಮತ್ತೆ ಅಲೆ ಓರೆ ಹೋಗದೆ ಎಂತ ಮಾಡ್ತದೆ ಪಾಪ.

ಗೆರೆಯದ್ದು ಬೇರೆ ಕತೆ. ಎರಡು ಕಡ್ಡಿಯಲ್ಲಿ ಹಾಕುವಾಗ 2 ಮತ್ತು 4ನೇ ಸಾಲು ನಾವು ತಿರುಗಿಸಿ ಹಿಂದಿನ ಬದಿಯಿಂದ ಹಾಕುದು ಅಲ್ವಾ, ಉರುಟು ಹಾಕುವಾಗ ತಿರುಗಿಸ್ಲಿಕ್ಕೇ ಇಲ್ಲ, ಯಾವಾಗ್ಲೂ ಎದುರು ಬದಿಯೇ ನಮ್ಮ ಮುಂದೆ. ಹಾಗಾಗಿ ಆ ಎರಡು ಸಾಲಿಗೆ ಮಾತ್ರ ಸೀದಾ ಇದ್ದದ್ದು ಉಲ್ಟಾ, ಉಲ್ಟಾ ಇದ್ದದ್ದು ಸೀದಾ. ನಿಮಗೆ ಬೇಕಾದದ್ದು 1 ಸೀದಾ, 2 ಸೀದಾ, 3 ಡಿಸೈನ್, 4 ಉಲ್ಟಾ. ಆಗ ಗೆರೆ ತೂತಿನ ಮೇಲೆ ಬಂದು ಕೂತುಕೊಳ್ತದೆ.

ಈ ಡಿಸೈನ್ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪದ್ದು, ಅಲ್ಲಿ ಓಲ್ಡ್ ಶೇಲ್ ಅಂತಾರೆ, ಶೇಲ್ ಅಂದ್ರೆ ಅವರ ಬಾಯಲ್ಲಿ ಚಿಪ್ಪು. ನಮ್ಮ ಮರುವಾಯಿ ಚಿಪ್ಪಿನ ಬೆನ್ನಿನ ಗೆರೆ ನೋಡಿ, ಹಾಗೇ ಉಂಟು. ಓರೆ ಹೋದ್ರೆ ಚಿಪ್ಪೂ ಇಲ್ಲ ಅಲೆಯೂ ಇಲ್ಲ. ಬಿಚ್ಚಿ.

ಮಳೆ_ಬಿಟ್ಟಿಲ್ಲ:
ಅಯ್ಯೋ ನಾಲ್ಕಿಂಚು ಬಿಚ್ಚುದಾ? ನಾನಾದ್ರೆ ಗೆರೆ ಮಾತ್ರ ಮುಂದಕ್ಕೆ ಸರಿ ಮಾಡಿ ಹಾಗೇ ಮುಗಿಸ್ತಿದ್ದೆ, ಸ್ಕ್ರೂ ಡಿಸೈನೇ ಬೇಕೂಂತ ಹಾಕಿದ್ದು ಅಂದ್ರಾಯ್ತು. ಜರ್ಮನಿಯಲ್ಲಿ ಯಾರು ಬಂದು ಎಣಿಸ್ತಾರೆ.

ಉಡುಪಿ_ಉಲ್ಲನ್:
ಜರ್ಮನಿಯವರು ಎಣಿಸುದಿಲ್ಲ, ಹಾಕಿದವರ ಕಣ್ಣು ಎಣಿಸ್ತದೆ 😄 ಮತ್ತೆ ಬಿಚ್ಲಿಕ್ಕೆ ಇನ್ನೊಂದು ಕಾರಣ ಉಂಟು. ಅಕ್ಕ, 10 ಸೆಂಟಿಮೀಟರಿಗೆ ಎಷ್ಟು ಸ್ಟಿಚ್ ಬರ್ತಾ ಉಂಟು? ಕಡ್ಡಿ ಎಷ್ಟು ಉದ್ದ?

ಕದ್ರಿ_ಕಡ್ಡಿ:
22 ಬರ್ತದೆ, 4 ಎಂಎಂ ಕಡ್ಡಿ, ಪ್ಯೂರ್ ವೂಲ್. ಉದ್ದ 80 ಸೆಂಟಿಮೀಟರ್, ಅಂಗಡಿಯಲ್ಲಿ ಅದೊಂದೇ ಇದ್ದದ್ದು. ಸ್ಟಿಚ್ಚೆಲ್ಲ ಎಳ್ದು ಎಳ್ದು ತರ್ಬೇಕು, ಕೈ ಬೆವರಿಗೆ ಜಾರುದೂ ಇಲ್ಲ.

ಉಡುಪಿ_ಉಲ್ಲನ್:
ನಂಗೆ ಇದೇ ಡೌಟು ಇದ್ದದ್ದು. ಹೆಚ್ಚುಕಡಿಮೆ 50 ಸೆಂಟಿಮೀಟರ್ ಸುತ್ತಳತೆಯದ್ದನ್ನು 80ರ ಕಡ್ಡಿಗೆ ಎಳೆದು ಕೂರಿಸಿದ್ರೆ ಹಾಗೇ ಆಗುದು. 40ರದ್ದು ಸಿಕ್ಕಿದ್ರೆ ಒಳ್ಳೇದು, ಸಿಗದಿದ್ರೂ ತಲೆಬಿಸಿ ಬೇಡ, ಸ್ಟಿಚ್ಚನ್ನು ಎರಡು ಪಾಲು ಮಾಡಿ ನಡುವಿಂದ ವಯರನ್ನು ಕಿವಿ ಹಾಗೆ ಹೊರಗೆ ಎಳೆದು ಬಿಡಿ, ಅರ್ಧ ಸುತ್ತು ಹಾಕಿ, ಕಡ್ಡಿ ತಿರುಗಿಸಿ (ಎದುರು ಬದಿ ನಮ್ಮ ಮುಂದೆಯೇ ಇರ್ತದೆ), ಇನ್ನೊಂದು ಅರ್ಧ. ಮ್ಯಾಜಿಕ್ ಲೂಪ್ ಅಂತಾರೆ, ಅದಕ್ಕೆ 80 ಸಾಕು.

108 ಅಂದ್ರೆ 49 ಸೆಂಟಿಮೀಟರ್ ಆಯ್ತು, ದೊಡ್ಡವರ ತಲೆ ತೂರಿಸುವಾಗ ಬಿಗಿ ಆಗ್ತದೆ. ಇನ್ನೊಂದು 18 ಸೇರಿಸಿ 126 ಹಾಕಿ, 57 ಬರ್ತದೆ. ಮುಗಿಸುವಾಗ 5 ಎಂಎಂ ಕಡ್ಡಿಯಲ್ಲಿ ಸಡಿಲ ಮುಗಿಸಿ, ಇಲ್ಲದಿದ್ರೆ ಅಲೆಯೆಲ್ಲ ಮೇಲೆ ಬಿಗಿದು ಮುದುಡ್ತದೆ.

18 18 ಸ್ಟಿಚ್ಚಿಗೆ ಕಡ್ಡಿಯಲ್ಲಿ ಒಂದು ಬಣ್ಣದ ನೂಲಿನ ಉಂಗುರ ಹಾಕಿ, ಸುತ್ತು ಶುರುವಾಗುವಲ್ಲಿ ಬೇರೆ ಬಣ್ಣ. ಈ ಡಿಸೈನಲ್ಲಿ ಪಾಲು ಶುರುವಾಗುದೂ ಮುಗಿಯುದೂ ಎರಡು ಸೇರಿಸಿದ್ರಲ್ಲಿ, ಹಾಗಾಗಿ ಮುಂದೆ ತಂದ ನೂಲು ಉಂಗುರ ದಾಟಿ ಆಚೆ ಹೋಗುವ ರಗಳೆಯೇ ಇಲ್ಲ. ಒಂದು ಪಾಲಲ್ಲಿ 6 ಕಮ್ಮಿ ಆಗ್ತದೆ, 6 ಸೇರ್ತದೆ, 18 ಇದ್ದದ್ದು 18ಏ. ಎಲ್ಲಿಯಾದ್ರೂ 17 ಬಂದ್ರೆ ಅಲ್ಲಿ ನೂಲು ಮುಂದೆ ತರ್ಲಿಕ್ಕೆ ಮರ್ತದ್ದು ಅಂತ ಲೆಕ್ಕ, ಮುಂದಿನ ಸುತ್ತಲ್ಲಿ ಎರಡು ಸ್ಟಿಚ್ ನಡುವಿನ ಅಡ್ಡ ನೂಲನ್ನು ಎತ್ತಿ ಕಡ್ಡಿಗೆ ಹಾಕಿದ್ರೆ ಆಯ್ತು, ಬಿಚ್ಲಿಕ್ಕಿಲ್ಲ.

ಶಂಕರಪುರ_ಮಲ್ಲಿಗೆ:
ಉಂಗುರದ ಮಾತು ನೂರಕ್ಕೆ ನೂರು ಸರಿ. ನಮ್ಮಲ್ಲಿ ಮಲ್ಲಿಗೆ ಕಟ್ಟುವಾಗಲೂ ಹಾಗೇ, ಚೆಂಡು ಅಂದ್ರೆ ಹೂವಿನ ಒಂದು ಕಟ್ಟು, ಅದರ ಲೆಕ್ಕ ಬೇರೆ ಬೇರೆ ಇಟ್ಟು ಮತ್ತೆ ನಾಲ್ಕು ಚೆಂಡಿಗೆ ಒಂದು ಅಟ್ಟೆ, ಒಟ್ಟಿಗೆ ಎಣಿಸ್ಲಿಕ್ಕೆ ಕೂತ್ರೆ ನಡುವಲ್ಲಿ ಯಾರಾದ್ರೂ ಮಾತಾಡ್ಸಿ ಲೆಕ್ಕ ತಪ್ಪಿಸ್ತಾರೆ.

ನಂದು ಒಂದು ಸೇರಿಸ್ತೇನೆ. ಎಂಟು ಸುತ್ತಿಗೊಮ್ಮೆ, ಡಿಸೈನಿನ 2ನೇ ಸುತ್ತು ಮುಗಿದ ಮೇಲೆ ಸೂಜಿಯಲ್ಲಿ ತೆಳು ಬಿಳಿ ನೂಲು ಪೋಣಿಸಿ ಕಡ್ಡಿಯಲ್ಲಿರುವ ಎಲ್ಲ ಸ್ಟಿಚ್ ಒಳಗಿಂದ ಹಾಯಿಸಿ ಬಿಡಿ, ಉಂಗುರದ ಒಳಗಿಂದ ಮಾತ್ರ ಬೇಡ. ತಪ್ಪಿದ್ರೆ ಆ ನೂಲಿನವರೆಗೆ ಮಾತ್ರ ಬಿಚ್ಚಿದ್ರೆ ಸಾಕು. ನಾನು ಒಂದು ಶಾಲಿಗೆ ಉದಾಸೀನ ಮಾಡಿ ಇದನ್ನು ಹಾಕ್ಲಿಲ್ಲ, ಕರೆಂಟ್ ಹೋದ ರಾತ್ರಿ ಹನ್ನೆರಡು ಸ್ಟಿಚ್ ಜಾರಿ ಕೆಳಗೆ ಓಡಿದ್ದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹೆಕ್ಕಿದ್ದೇನೆ.

ಮತ್ತೆ ಒಣಗಿಸುದು. ವೂಲ್ ಆದ ಕಾರಣ ಉಗುರುಬೆಚ್ಚಗಿನ ನೀರಲ್ಲಿ ಒಂದು ಇಪ್ಪತ್ತು ನಿಮಿಷ ನೆನೆ ಹಾಕಿ, ಹಿಂಡ್ಲೇಬೇಡಿ, ಬೈರಾಸಲ್ಲಿ ಸುತ್ತಿ ಒತ್ತಿ ನೀರು ತೆಗೀರಿ, ಆಗ ತೂತೆಲ್ಲ ಅರಳ್ತದೆ. ಚಪ್ಪಟೆ ಮಲಗಿಸಿದ್ರೆ ಎರಡು ಬದಿ ಮಡಿಕೆ ಗೆರೆ ಬೀಳ್ತದೆ, ಒಳಗೆ ಇನ್ನೊಂದು ಬೈರಾಸನ್ನು ದಪ್ಪ ಸುರುಳಿ ಮಾಡಿ ಇಡಿ. ಮಳೆಗಾಲದಲ್ಲಿ ಫ್ಯಾನಿನ ಅಡಿಯಲ್ಲೂ ಎರಡು ಮೂರು ದಿನ ಬೇಕು, ಪ್ಯಾಕ್ ಮಾಡುವ ಹಿಂದಿನ ದಿನಕ್ಕೆ ಇಟ್ಕೊಳ್ಬೇಡಿ, ಪೂರ್ತಿ ಒಣಗದೆ ಸೂಟ್‌ಕೇಸಿಗೆ ಹಾಕಿದ್ರೆ ಜರ್ಮನಿಗೆ ಮುಟ್ಟುವಾಗ ಮುಗ್ಗಲು ವಾಸನೆ.

ಕದ್ರಿ_ಕಡ್ಡಿ:
ಬಿಚ್ಚಿ ಆಯ್ತು ಮಾರಾಯ್ರೆ. ಮಗಳು ಅಂಗೈ ಎದುರು ಬದುರು ಹಿಡಿದು ಕೂತಳು, ನಾನು ಬಿಚ್ಚಿ ಬಿಚ್ಚಿ ಸುತ್ತಿದೆ. ಅವಳು ಕೇಳಿದ್ದು, "ಅಮ್ಮ, ಲೇಸ್ ಅಂದ್ರೆ ತೂತು ಅಲ್ವಾ, ಅದರಲ್ಲಿ ಚಳಿ ಒಳಗೆ ಬರುದಿಲ್ವಾ?" ಅದಕ್ಕೆ ಎಂತ ಹೇಳುದು ಅಂತ ಯಾರೂ ಹೇಳ್ಲಿಲ್ಲ ಇಲ್ಲಿ.

ಶಂಕರಪುರ_ಮಲ್ಲಿಗೆ:
ಎರಡು ಪಟ್ಟು ಉದ್ದ ಹಾಕಿ ಮಡಚಿ ಹಾಕ್ಲಿಕ್ಕೆ ಹೇಳಿ, ತೂತಿನ ಮೇಲೆ ತೂತು ಕೂರುದಿಲ್ಲ, ನಡುವೆ ಗಾಳಿ ನಿಂತು ಬೆಚ್ಚಗೆ ಆಗ್ತದೆ. ನೂಲು ಇನ್ನೊಂದು ಉಂಡೆ ಈಗ್ಲೇ ತಂದಿಡಿ, ಅದೇ ಲಾಟಿಂದು ನೋಡಿ ತನ್ನಿ, ಬೇರೆ ಲಾಟಾದ್ರೆ ಬಣ್ಣ ಒಂದು ಚೂರು ಆಚೀಚೆ ಇರ್ತದೆ.