ವಾಲ್ವ್ ಪ್ರಿಆಂಪಿನ ಜೊತೆ ಟ್ರಾನ್ಸಿಸ್ಟರ್ ಪವರ್ ಆಂಪ್: ಡಗ್ಗಾ ಸೊರಗುವುದೇಕೆ?

ಪ್ರಶ್ನೆ – ಕಲಬುರಗಿಯಿಂದ

ಎಲ್ಲರಿಗೂ ಶರಣು. ಹತ್ತು ವರ್ಷಗಳಿಂದ ಬಳಸುತ್ತಿರುವ, ಸ್ಪೀಕರ್ ನಡೆಸುವ ಟ್ರಾನ್ಸಿಸ್ಟರ್ ಪವರ್ ಆಂಪಿಗೆ, ಅದಕ್ಕೂ ಮುಂಚೆ ಸಂಕೇತವನ್ನು ಸಜ್ಜುಗೊಳಿಸುವ ಪ್ರಿಆಂಪ್ ಒಂದನ್ನು ಎರಡು ಇಸಿಸಿ82 ವಾಲ್ವ್‌ಗಳಿಂದ (ಕಾದು ಕೆಲಸ ಮಾಡುವ ಗಾಜಿನ ಕೊಳವೆಗಳಿಂದ) ಕಳೆದ ತಿಂಗಳು ನಾನೇ ಕಟ್ಟಿ ಜೋಡಿಸಿದ್ದೇನೆ. ತಂಬೂರಿಯ ಝೇಂಕಾರವಾಗಲಿ, ಗಾಯಕರು ಉಸಿರೆಳೆದುಕೊಳ್ಳುವ ಸಪ್ಪಳವಾಗಲಿ ಇಷ್ಟು ಹತ್ತಿರದಿಂದ ಹಿಂದೆಂದೂ ಕೇಳಿಸಿರಲಿಲ್ಲ. ಆದರೆ ತಬಲಾದ ಎಡಗೈ ವಾದ್ಯವಾದ ಡಗ್ಗಾದ ಗುಮುಕಿ (ತುಂಬಿದ ತಗ್ಗು ನಾದ) ಮಾಯವಾಗಿ, ಬರೀ ಚರ್ಮ ತಟ್ಟಿದ ಸದ್ದು ಉಳಿದಿದೆ. ಇನ್ನೊಂದು ತೊಂದರೆಯೆಂದರೆ, ಕರೆಂಟ್ ಹೋಗಿ ಬಂದ ಅರ್ಧ ನಿಮಿಷದೊಳಗೆ ಸ್ಪೀಕರಿನಲ್ಲಿ 'ಧಡ್' ಎಂದು ಸದ್ದಾಗಿ ವೂಫರಿನ (ತಗ್ಗು ಸ್ವರದ ಸ್ಪೀಕರಿನ) ಕೋನ್ ಜಿಗಿಯುತ್ತದೆ. ಪವರ್ ಆಂಪಿನ ಇನ್‌ಪುಟ್ ಇಂಪೆಡೆನ್ಸ್ (ಒಳಬರುವ ಸಂಕೇತಕ್ಕೆ ಒಡ್ಡುವ ತಡೆ) 10 ಕಿಲೋಓಮ್. ವಾಲ್ವಿನ ನೇರ ವೋಲ್ಟೇಜನ್ನು ತಡೆದು ಸಂಗೀತವನ್ನು ಮಾತ್ರ ದಾಟಿಸುವ ಪ್ರಿಆಂಪಿನ ಔಟ್‌ಪುಟ್ ಕೆಪಾಸಿಟರ್ 0.22 ಮೈಕ್ರೋಫ್ಯಾರಡ್. ಈ ಜೋಡಿಯೇ ತಪ್ಪೇ?

ಉತ್ತರ – ಬೀದರಿನಿಂದ

ಜೋಡಿ ತಪ್ಪಲ್ಲ ಸರ್, ನಡುವಿನ ಕೆಪಾಸಿಟರ್ ಚಿಕ್ಕದಾಯಿತು. ಆ ಕೆಪಾಸಿಟರೂ ಮುಂದಿನ ಆಂಪಿನ ಇಂಪೆಡೆನ್ಸೂ ಸೇರಿ ಒಂದು ಜರಡಿಯಾಗುತ್ತವೆ. ನಿಮ್ಮ ಅಂಕಿಗಳಲ್ಲಿ ಸುಮಾರು 70 ಹರ್ಟ್ಸ್‌ನಿಂದ ಕೆಳಗೆ ಇಳಿದಂತೆಲ್ಲ ಸದ್ದು ಅದರಲ್ಲಿ ಹೆಚ್ಚು ಹೆಚ್ಚು ಸೊರಗುತ್ತದೆ. ವಾಲ್ವ್ ಸರ್ಕ್ಯೂಟ್‌ಗಳನ್ನು ಸಾಮಾನ್ಯವಾಗಿ 47 ಕಿಲೋಓಮ್ ಅಥವಾ ಅದಕ್ಕೂ ಹೆಚ್ಚಿನ ಇಂಪೆಡೆನ್ಸಿನ ಆಂಪ್‌ಗಳನ್ನು ಎಣಿಸಿ ಬರೆದಿರುತ್ತಾರೆ, ಅಲ್ಲಿ 0.22 ಸಾಕಾಗುತ್ತದೆ. ನೀವು 2.2 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದರೆ ಗಡಿ 7 ಹರ್ಟ್ಸ್‌ಗೆ ಇಳಿಯುತ್ತದೆ. 400 ವೋಲ್ಟ್ ತಡೆಯುವಂಥದ್ದೇ ಇರಲಿ. ಪೆಟ್ಟಿಗೆ ಬಿಚ್ಚುವ ಮುನ್ನ ಪ್ಲಗ್ ಕಿತ್ತು, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಖಾಲಿಯಾಗಿವೆಯೇ ಎಂದು ಮೀಟರಿನಲ್ಲಿ ನೋಡಿಯೇ ಕೈ ಹಾಕಿರಿ.

ಒಂದು ಮಾತು ಮಾತ್ರ ಖಚಿತಪಡಿಸಿಕೊಳ್ಳಿ: ಔಟ್‌ಪುಟ್ ತೆಗೆದಿರುವುದು ಕ್ಯಾಥೋಡ್ ಫಾಲೋವರಿನಿಂದಲೋ (ವಾಲ್ವಿನ ಕ್ಯಾಥೋಡ್ ತುದಿಯಿಂದ ಸಂಕೇತ ಕೊಡುವ ಹಂತ), ನೇರವಾಗಿ ವಾಲ್ವಿನ ಪ್ಲೇಟ್ ತುದಿಯಿಂದಲೋ? ಫಾಲೋವರ್ ಆಗಿದ್ದರೆ ಅದರ ಔಟ್‌ಪುಟ್ ಇಂಪೆಡೆನ್ಸ್ 1 ಕಿಲೋಓಮಿನೊಳಗೇ ಇರುವುದರಿಂದ 10 ಕಿಲೋಓಮಿನ ಹೊರೆಯನ್ನು ಎಳೆಯಬಲ್ಲದು. ಪ್ಲೇಟಿನಿಂದ ತೆಗೆದಿದ್ದರೆ ಕೆಪಾಸಿಟರ್ ಎಷ್ಟು ಹಿಗ್ಗಿಸಿದರೂ ಒಟ್ಟು ಸದ್ದೇ ಕುಗ್ಗಿರುತ್ತದೆ.

ಉತ್ತರ – ಯಾದಗಿರಿಯಿಂದ

ಬೀದರಿನವರು ಹೇಳಿದ್ದು ಸರಿ, ಆದರೆ ಕೆಪಾಸಿಟರ್ ಹತ್ತು ಪಟ್ಟಾದರೆ 'ಧಡ್' ಸಹ ಇನ್ನಷ್ಟು ಜೋರಾಗುತ್ತದೆ. ಕರೆಂಟ್ ಬಂದೊಡನೆ ಟ್ರಾನ್ಸಿಸ್ಟರ್ ಆಂಪ್ ಒಂದೆರಡು ಸೆಕೆಂಡಿನಲ್ಲಿ ಸಜ್ಜಾಗಿ ಕೂರುತ್ತದೆ. ವಾಲ್ವ್ ಇನ್ನೂ ತಣ್ಣಗಿರುತ್ತದೆ. ಅದು ಕಾದ ಮೇಲೆ ಕ್ಯಾಥೋಡಿನ ವೋಲ್ಟೇಜ್ ಸೊನ್ನೆಯಿಂದ ನೂರರ ಆಸುಪಾಸಿಗೆ ಏರುವಾಗ, ಆ ಏರಿಕೆ ಕೆಪಾಸಿಟರಿನ ಮೂಲಕ ನಿಮ್ಮ ವೂಫರಿಗೇ ತಲುಪುತ್ತದೆ. ಪ್ರಿಆಂಪ್ ಮೊದಲು ಹಚ್ಚಿ, ಒಂದು ನಿಮಿಷ ಬಿಟ್ಟು ಪವರ್ ಆಂಪ್ ಹಚ್ಚುವುದು, ಆರಿಸುವಾಗ ಪವರ್ ಆಂಪನ್ನೇ ಮೊದಲು ಆರಿಸುವುದು ವಾಡಿಕೆ. ನಮ್ಮ ಕಡೆ ಆ ವಾಡಿಕೆಯನ್ನು ಕರೆಂಟ್ ಎಲ್ಲಿ ಪಾಲಿಸುತ್ತದೆ?

ನಾನು ಪವರ್ ಆಂಪನ್ನು ಮಾತ್ರ ಫ್ರಿಜ್ಜಿನ ಸ್ಟೆಬಿಲೈಜರಿಗೆ ಹಾಕಿದ್ದೇನೆ. ಕರೆಂಟ್ ಮರಳಿದ ಮೇಲೆ ಅದು 3 ನಿಮಿಷ ಕಾಯ್ದು ಔಟ್‌ಪುಟ್ ಕೊಡುತ್ತದೆ, ಅಷ್ಟರಲ್ಲಿ ವಾಲ್ವ್ ಸ್ಥಿಮಿತಕ್ಕೆ ಬಂದಿರುತ್ತದೆ.

ನೀವು ಪವರ್ ಆಂಪಿಗೆ ವಾಲ್ವ್ ಆಯ್ದುಕೊಳ್ಳದೇ ಇದ್ದುದೂ ಒಳ್ಳೆಯದೇ ಆಯಿತು. ಪವರ್ ಆಂಪಿಗೆ ಬಳಸುವ ಒಂದು ಇಎಲ್34 ವಾಲ್ವಿನ ಹೀಟರ್ (ಒಳಗಿನ ಕಾಯಿಸುವ ತಂತಿ) ಒಂದೇ 9 ವ್ಯಾಟ್ ದಾಟುತ್ತದೆ, ಅಂಥವು ನಾಲ್ಕು ಉರಿಯುವ ಕೋಣೆಯಲ್ಲಿ ಮೇ ತಿಂಗಳು ಕೂತು ಕೇಳುವವರಾರು? ನಿಮ್ಮ ಎರಡು ಇಸಿಸಿ82ರ ಹೀಟರ್‌ಗಳಿಗೆ ಒಟ್ಟು 4 ವ್ಯಾಟ್ ಸಾಕು. ಆದರೂ ಪ್ರಿಆಂಪನ್ನು ಪವರ್ ಆಂಪಿನ ತಲೆಯ ಮೇಲೆ ಹೇರಬೇಡಿರಿ.

ಪ್ರಶ್ನೆ ಕೇಳಿದವರು – ಕಲಬುರಗಿಯಿಂದ

ಇಬ್ಬರಿಗೂ ಧನ್ಯವಾದಗಳು. ನಕ್ಷೆಯಲ್ಲಿ ನೋಡಿದೆ, ಕ್ಯಾಥೋಡ್ ಫಾಲೋವರೇ ಇದೆ. 2.2ರ ಕೆಪಾಸಿಟರ್ ಹೆಬ್ಬೆರಳಿನಷ್ಟು ದಪ್ಪವಿದ್ದುದರಿಂದ ಬೋರ್ಡಿನ ಮೇಲೆ ಹಿಡಿಸದೆ, ಕೆಳಬದಿಯಲ್ಲಿ ಮಲಗಿಸಿ ಬೆಸುಗೆ ಹಾಕಿದೆ. ಡಗ್ಗಾದ ಮೇಲೆ ಅಂಗೈ ಜಾರಿಸುವ ಮೀಂಡ್ ಈಗ ಕೊನೆಯವರೆಗೂ ಕೇಳಿಸುತ್ತದೆ. ಪ್ರಿಆಂಪನ್ನು ಬೇರೆ ಶಹಾಬಾದಿ ಕಲ್ಲಿನ ಹಲಗೆಯ ಮೇಲಿಟ್ಟು, ಪವರ್ ಆಂಪಿಗೆ ಹಳೆಯ ಸ್ಟೆಬಿಲೈಜರ್ ಹಾಕಿದ್ದೇನೆ. ಇಂದು ಮುಂಜಾನೆ ಎರಡು ಸಲ ಕರೆಂಟ್ ಹೋಗಿ ಬಂದಾಗಲೂ ಕೋನ್ ಅಲುಗಲಿಲ್ಲ. ಆಲಾಪದ ನಡುವೆ ಮೂರು ನಿಮಿಷ ಸುಮ್ಮನೆ ಕೂರಬೇಕಾಯಿತು, ಅಷ್ಟೇ.