ಷಟರ್‌ನಿಂದ ಬಿದ್ದ ಗೊರವಂಕದ ಮರಿಗೆ ನುಸಿ ಹತ್ತಿದೆ, ಏನು ಹಚ್ಚಲಿ?

ಹೊಲಿಗೆ ಅಕ್ಕ, ಮಂಡ್ಯ

ಗುತ್ತಲು ರಸ್ತೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಷಟರ್ ಸುತ್ತಿಕೊಳ್ಳುವ ಡಬ್ಬಿಯೊಳಗೆ ಗೊರವಂಕ ಗೂಡು ಕಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಇವತ್ತು ಬೆಳಿಗ್ಗೆ ಷಟರ್ ಎತ್ತಿದಾಗ ಹುಲ್ಲು, ಪ್ಲಾಸ್ಟಿಕ್ ಚೂರಿನ ಜೊತೆ ಒಂದು ಮರಿ ಕಾಲ ಬಳಿ ಬಿತ್ತು. ಕಣ್ಣು ಬಿಟ್ಟಿದೆ. ಗರಿ ಇನ್ನೂ ಬಿಚ್ಚಿಲ್ಲ, ರೆಕ್ಕೆಯೆಲ್ಲ ಮುಳ್ಳು ಮುಳ್ಳಾಗಿದೆ.

ಬ್ಲೌಸಿಗೆ ಇಟ್ಟಿದ್ದ ಬಿಳಿ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿ ಮಲಗಿಸಿದೆ. ಹತ್ತು ನಿಮಿಷದಲ್ಲಿ ಆ ಬಟ್ಟೆಯ ಮೇಲೆ ಸಾಸಿವೆಗಿಂತ ಚಿಕ್ಕ ಕೆಂಪು, ಕಪ್ಪು ಚುಕ್ಕೆಗಳು ಓಡಾಡತೊಡಗಿದವು. ಒಂದನ್ನು ಉಗುರಿನಲ್ಲಿ ಒತ್ತಿದರೆ ರಕ್ತ. ರೆಕ್ಕೆ ಕೆಳಗೆ, ಬಾಲದ ಹತ್ತಿರ ಗುಂಪಾಗಿವೆ. ನುಸಿ ಅಂದರೆ ತೆಂಗಿನಕಾಯಿಗೆ ಬರುವುದು ಅಂತ ಮಾತ್ರ ಗೊತ್ತಿತ್ತು ನನಗೆ. ಈಗ ಕೈಯೆಲ್ಲ ನವೆ.

ನಮ್ಮ ಯಜಮಾನರು ನಾಯಿಗೆ ಹೊಡೆಯುವ ಉಣ್ಣೆ ಸ್ಪ್ರೇ ತಂದಿದ್ದಾರೆ. ಪಕ್ಕದ ಮನೆಯವರು ಬೇವಿನೆಣ್ಣೆ ಸವರಿ ಎನ್ನುತ್ತಾರೆ. ಅತ್ತೆ ಹಾಲಲ್ಲಿ ಬ್ರೆಡ್ ನೆನೆಸಿಟ್ಟಿದ್ದಾರೆ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹಕ್ಕಿ ನೋಡುವುದಿಲ್ಲ ಅಂದರು. ಇಷ್ಟು ಚಿಕ್ಕ ಮೈಗೆ ಏನು ಹಚ್ಚಿದರೆ ಸರಿ? ನನ್ನ ಕೈಯಿಂದಲೇ ಬಿದ್ದ ಮರಿ, ಹೇಗಾದರೂ ಉಳಿಸಬೇಕು.

ಕುವೆಂಪುನಗರದವಳು, ಮೈಸೂರು

ಅಕ್ಕ, ಏನೂ ಹಚ್ಚಬೇಡಿ. ಸ್ಪ್ರೇ ಬಾಟಲಿಯನ್ನು ಮೊದಲು ಎತ್ತಿಡಿ. ಅದರ ಅಳತೆ ಕಿಲೋಗಟ್ಟಲೆ ತೂಗುವ ನಾಯಿಗೆ. ನಿಮ್ಮ ಮರಿ ನೂರು ಗ್ರಾಮೂ ಇರುವುದಿಲ್ಲ. ಎಣ್ಣೆಯೂ ಬೇಡ. ಮೈಗೆ ಅಂಟಿಕೊಂಡರೆ ಬಿಸಿ ನಿಲ್ಲುವುದಿಲ್ಲ, ಮರಿ ತಣ್ಣಗಾಗಿ ಸಾಯುತ್ತದೆ. ಸ್ನಾನವೂ ಬೇಡ. ಸೀಮೆಎಣ್ಣೆ, ಬಟ್ಟೆ ನಡುವೆ ಇಡುವ ನುಸಿಗುಳಿಗೆ ಹತ್ತಿರವೂ ತರಬೇಡಿ.

ಮೊದಲು ಬಿಸಿ ಕೊಡಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನೊಂದು ಕಡೆ ಸರಿಯಲು ಜಾಗ ಬೇಕಲ್ವಾ.

ಆಮೇಲೆ ಡಬ್ಬ ಬದಲಿಸಿ. ನುಸಿ ಜಾಸ್ತಿ ಇರುವುದು ಗೂಡಿನಲ್ಲಿ. ಎಷ್ಟೋ ನುಸಿಗಳು ಹಗಲು ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತವೆ. ಹಾಗಾಗಿ ಬಿದ್ದ ಹುಲ್ಲು, ಹಳೆಯ ಡಬ್ಬ ಎರಡನ್ನೂ ಕವರ್‌ಗೆ ಹಾಕಿ ಗಂಟು ಕಟ್ಟಿ. ಹೊಸ ಡಬ್ಬಕ್ಕೆ ಬಿಳಿ ಟಿಶ್ಯೂ ಹಾಸಿ. ಬಟ್ಟೆ ಬೇಡ ಅಕ್ಕ. ಅಂಚಿನ ದಾರ ಕಾಲಿಗೆ ಸುತ್ತಿಕೊಂಡು ರಕ್ತ ಓಡದೆ ಬೆರಳು ಕಪ್ಪಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ಗಂಟೆಗೊಮ್ಮೆ ಟಿಶ್ಯೂ ಬದಲಿಸಿ. ಮೈಮೇಲೆ ಇರುವುದನ್ನು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಗುಡಿಸಿ. ಅಂಟಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯಿಂದ ಒರೆಸಿ. ಕಣ್ಣು, ಮೂಗಿನ ಹತ್ತಿರ ಹೋಗಬೇಡಿ. ಒಂದೇ ಸಲಕ್ಕೆ ಎಲ್ಲ ತೆಗೆಯಲು ಹೋದರೆ ಮರಿ ಸುಸ್ತಾಗುತ್ತದೆ.

ಬಾಯಿ ತೆರೆದಾಗ ಒಳಗೆ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ, ಕಾಯಬೇಡಿ. ನುಸಿಗೆ ಔಷಧ ಇದೆ, ಆದರೆ ಹಕ್ಕಿಯನ್ನು ತೂಗಿ ಡಾಕ್ಟರೇ ಹಾಕಬೇಕು. 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಗೊರವಂಕ ಕಾಡುಹಕ್ಕಿಯ ಲೆಕ್ಕ. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಮನೆಯಲ್ಲಿ ಸಾಕುವ ಹಾಗಿಲ್ಲ.

ಹಾಲು, ಬ್ರೆಡ್ ಬೇಡವೇ ಬೇಡ. ಮೈ ಬೆಚ್ಚಗಾದ ಮೇಲೆ ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಚಿಕ್ಕ ಚಿಕ್ಕ ತುಣುಕು ಕೊಡಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗುತ್ತದೆ.

ನಾಟಿಕೋಳಿ, ಮದ್ದೂರು

ಅಕ್ಕೋರೆ, ಮೇಲೆ ಹೇಳಿದ್ದು ಸರಿ. ನಮ್ಮ ಕೋಳಿಗಳು ಬೂದಿಗುಂಡಿಯಲ್ಲಿ ಹೊರಳಾಡಿ ಹೇನು, ನುಸಿ ಕಳೆದುಕೊಳ್ಳುತ್ತವೆ. ಅದು ಬೆಳೆದ ಕೋಳಿಯ ಮಾತು. ಒಮ್ಮೆ ಹೂಮರಿಗಳಿಗೆ ಕೊಟ್ಟಿಗೆಗೆ ಹಾಕುವ ಪುಡಿಯನ್ನೇ ಉದುರಿಸಿದೆ. ಬೆಳಿಗ್ಗೆ ನೋಡಿದರೆ 9ರಲ್ಲಿ 6 ಹೋಗಿದ್ದವು. ಇಂದಿಗೂ ಹೊಟ್ಟೆ ಉರಿಯುತ್ತದೆ. ಪುಡಿ ಯಾವುದೇ ಇರಲಿ, ಮರಿಯ ಮೂಗಿಗೆ ಹೋಗುತ್ತದೆ. ಹಾಕಬೇಡಿ.

ಷಟರ್ ಡಬ್ಬಿಯನ್ನೂ ನೋಡಿ. ಮರಿ ಇಲ್ಲದಾಗ ನುಸಿ ಹಸಿದು ಕೆಳಗೆ ಇಳಿಯುತ್ತದೆ. ನಮ್ಮನ್ನೂ ಕಚ್ಚುತ್ತದೆ, ಆದರೆ ನಮ್ಮ ಮೈಮೇಲೆ ಬದುಕಿ ಮರಿ ಮಾಡುವುದಿಲ್ಲ. ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ.

ಹೊಲಿಗೆ ಅಕ್ಕ, ಮಂಡ್ಯ

ಇಬ್ಬರಿಗೂ ಕೈ ಮುಗಿಯುತ್ತೇನೆ. ಸ್ಪ್ರೇ ಅಂಗಡಿಗೆ ವಾಪಸ್ ಹೋಯಿತು. ಸಂಜೆವರೆಗೆ ಐದು ಸಲ ಟಿಶ್ಯೂ ಬದಲಿಸಿದೆ. ಮೊದಲ ಸಲ ಎಣಿಸಲಾಗದಷ್ಟು ಇದ್ದವು, ಐದನೇ ಸಲ ಹನ್ನೊಂದು. ಬಾಯಿ ಮಾತ್ರ ಬಿಳಿಚಿತ್ತು. 1926ರವರು ಹೇಳಿದ ಕಡೆ ಯಜಮಾನರ ಬೈಕಿನಲ್ಲಿ ಹೋದೆವು, ಡಬ್ಬ ನನ್ನ ಮಡಿಲಲ್ಲಿ. ಅಲ್ಲಿ ತೂಗಿದರು, 62 ಗ್ರಾಮ್. ಕತ್ತಿನ ಚರ್ಮಕ್ಕೆ ಒಂದೇ ಒಂದು ಹನಿ ಔಷಧ ಹಾಕಿ, ಎರಡು ದಿನ ಅಲ್ಲೇ ಇಟ್ಟುಕೊಂಡರು.

ತಾಯಿ ಇನ್ನೂ ಷಟರ್ ಸುತ್ತ ಕೂಗುತ್ತಿದೆ. ನಾವು ಮುಟ್ಟಿದ ಮರಿಯನ್ನು ಸೇರಿಸುತ್ತದಾ?

ಕುವೆಂಪುನಗರದವಳು, ಮೈಸೂರು

ಸೇರಿಸುತ್ತದೆ ಅಕ್ಕ. ಮನುಷ್ಯರ ವಾಸನೆಗೆ ಮರಿ ಬಿಡುತ್ತದೆ ಅನ್ನುವುದು ಸುಳ್ಳು. ಹಳೆಯ ಗೂಡಿಗೆ ಮಾತ್ರ ಹಾಕಬೇಡಿ. ತಳಕ್ಕೆ ತೂತು ಕೊರೆದ ಮರದ ಡಬ್ಬದಲ್ಲಿ ಒಣಹುಲ್ಲು ಹಾಕಿ, ಅದೇ ಎತ್ತರದಲ್ಲಿ, ಮಳೆ ಬೀಳದ ಕಡೆ ಕಟ್ಟಿ. ದೂರ ನಿಂತು ನೋಡಿ. ಒಂದು ವಾರದೊಳಗೆ ನುಸಿಯ ಹೊಸ ಪೀಳಿಗೆ ಏಳುತ್ತದೆ, ಹುಲ್ಲು ಬದಲಿಸುತ್ತಿರಿ.

ಹೊಲಿಗೆ ಅಕ್ಕ, ಮಂಡ್ಯ

ಅವರೂ ಒಪ್ಪಿ ಮರಿ ಕೊಟ್ಟರು. ಸಜ್ಜಾದ ಕೆಳಗೆ ಡಬ್ಬ ಕಟ್ಟಿದೆವು. ಮುಕ್ಕಾಲು ಗಂಟೆ ತಾಯಿ ಎದುರಿನ ಕರೆಂಟ್ ಕಂಬ ಬಿಟ್ಟು ಕದಲಲಿಲ್ಲ, ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಹಸಿರು ಮಿಡತೆ ಕಚ್ಚಿಕೊಂಡು ಬಂದು ಒಳಗೆ ತಲೆ ಹಾಕಿತು. ಇವತ್ತು ಮರಿಯ ಬಾಯಿ ಗುಲಾಬಿಯಾಗಿದೆ. ಷಟರ್ ಡಬ್ಬಿಯನ್ನು ಸೋಪು ನೀರಲ್ಲಿ ಉಜ್ಜಿದ್ದೇನೆ, ಈ ಮರಿ ಹಾರಿದ ಮೇಲೆ ಅದರ ಸಂದಿಗೆ ಜಾಲರಿ ಹೊಡೆಸುತ್ತೇನೆ.