ಮಾಡೆಲ್ ಕಾರಿನ ಕೆಂಪು ಪ್ಲಾಸ್ಟಿಕ್ ಬಾಡಿ ಮೇಲೆ ಬಿಳಿ ಬಣ್ಣ ಹೊಡೀಬೇಕು, ಕಾರನ್ನೂ ಸ್ವಲ್ಪ ಕೆಳಗೆ ಇಳಿಸಬೇಕು. ಯಾವುದು ಮೊದಲು?

ಪುಟ್ಟಚಕ್ರ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಅಂಟು, ಬಣ್ಣ ಏನೂ ಬೇಡದ ಸ್ನ್ಯಾಪ್ ಕಿಟ್‌ಗಳನ್ನೇ ಜೋಡಿಸುತ್ತಿದ್ದೆ. ಈಗ ಮೊದಲ ಸಲ 1:24 ಅಳತೆಯ ಪೂರ್ತಿ ಕಿಟ್ ಶುರು ಮಾಡುತ್ತಿದ್ದೇನೆ. ಎರಡು ಬಾಗಿಲಿನ ಹಳೆಯ ಜಪಾನಿ ಕಾರು. ಬಾಡಿ ಕಡುಕೆಂಪು ಪ್ಲಾಸ್ಟಿಕ್‌ನಲ್ಲಿ ಬಂದಿದೆ. ನನಗೆ ಬೇಕಿರುವುದು ಹೊಳೆಯುವ ಬಿಳಿ, ಪಕ್ಕದಲ್ಲಿ ಡೀಕಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಪಟ್ಟಿ, ಕಾರು ನೆಲಕ್ಕೆ ಸ್ವಲ್ಪ ಹತ್ತಿರ ಕೂತಿರಬೇಕು, ಚಕ್ರ ಮಾತ್ರ ಇನ್ನೊಂದು ಕಿಟ್‌ನ ಅಗಲದವು. ಸೂಚನೆ ಹಾಳೆ ನೋಡಿದರೆ ಎಂಜಿನ್, ಚಾಸಿಯಿಂದ (ಕಾರಿನ ಅಡಿ ಚೌಕಟ್ಟು) ಶುರು ಮಾಡು ಅನ್ನುತ್ತೆ, ಬಾಡಿ ಕೊನೆಗೆ ಬರುತ್ತೆ. ಹಾಗೇ ಹೋಗಬೇಕಾ? ಇನ್ನೊಂದು, ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಣ್ಣ ಗನ್) ನನ್ನ ಹತ್ತಿರ ಇಲ್ಲ. ಸ್ಪ್ರೇ ಕ್ಯಾನ್‌ನಲ್ಲೇ ಒಳ್ಳೆ ಫಿನಿಶ್ ಬರುತ್ತಾ?

ಮರಳುಕಾಗದ:
ಸೂಚನೆ ಹಾಳೆಯ ಕ್ರಮ ಜೋಡಿಸುವುದಕ್ಕೆ ಸರಿ. ಬಣ್ಣದ ವಿಷಯದಲ್ಲಿ ಬಾಡಿಯೇ ಮೊದಲು. ಅದು ಒಣಗಲು ಹಿಡಿಯುವ ಸಮಯದಲ್ಲಿ ಎಂಜಿನ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಆರಾಮಾಗಿ ಮುಗಿಯುತ್ತೆ. ಆದರೆ ನೀವು ಕಾರು ಇಳಿಸುವವರು, ಹಾಗಾಗಿ ಬಣ್ಣಕ್ಕೂ ಮೊದಲು ಚಾಸಿ, ಚಕ್ರ, ಬಾಡಿ ಮೂರನ್ನೂ ಅಂಟು ಹಾಕದೆ ಮಾಸ್ಕಿಂಗ್ ಟೇಪ್‌ನಲ್ಲಿ ನಿಲ್ಲಿಸಿ ನೋಡಿ. ಉಜ್ಜುವುದು, ಕೊರೆಯುವುದು ಎಲ್ಲ ಅಲ್ಲೇ ಮುಗಿಯಬೇಕು. ಬಣ್ಣ ಹೊಡೆದ ಬಾಡಿಯ ಒಳಗೆ ಫೈಲ್ ಹಾಕುವ ಪರಿಸ್ಥಿತಿ ಬರಬಾರದು.

ಆಮೇಲೆ ಬಾಡಿಯನ್ನು ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಅಚ್ಚಿನಿಂದ ಬಂದ ಎಣ್ಣೆ ಅಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಚ್ಚಿನ ಎರಡು ಭಾಗ ಸೇರುವ ಕಡೆ ಸಣ್ಣ ಗೆರೆ ಎದ್ದಿರುತ್ತೆ. ಮಡ್‌ಗಾರ್ಡ್ ಮೇಲೆ, ಛಾವಣಿಯ ಅಂಚಿನಲ್ಲಿ, ಬಂಪರ್ ಮೂಲೆಯಲ್ಲಿ ಬೆಳಕಿಗೆ ಓರೆಯಾಗಿ ಹಿಡಿದು ಹುಡುಕಿ. 600ರಿಂದ 800 ನಂಬರಿನ ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿದರೆ ಹೋಗುತ್ತೆ. ಬಾಗಿಲು, ಬಾನೆಟ್‌ನ ಸಂದುಗೆರೆಗಳನ್ನು ಸ್ಕ್ರೈಬರ್‌ನಿಂದ (ಗೆರೆ ಕೊರೆಯುವ ಮೊನೆಯ ಸಾಧನ) ಈಗಲೇ ಸ್ವಲ್ಪ ಆಳ ಮಾಡಿಕೊಳ್ಳಿ, ಯಾಕಂದ್ರೆ ಪ್ರೈಮರ್ (ಬಣ್ಣ ಹಿಡಿಯಲು ಹೊಡೆಯುವ ತಳಕೋಟ್), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪಿನ ಕೋಟ್) ಮೂರೂ ಬಿದ್ದ ಮೇಲೆ ಅವು ಅರ್ಧ ಮುಚ್ಚಿಹೋಗಿರುತ್ತವೆ.

ಇನ್ನು ಕೆಂಪು. ನಿಮ್ಮ ಕಿಟ್‌ನ ನಿಜವಾದ ತೊಂದರೆ ಇದೇ. ಪ್ಲಾಸ್ಟಿಕ್‌ಗೆ ಸೇರಿಸಿದ ಕೆಂಪು ಬಣ್ಣವನ್ನು, ಕ್ಯಾನ್‌ನಲ್ಲಿ ಬರುವ ಬೇಗ ಒಣಗುವ ಬಣ್ಣವಾದ ಲ್ಯಾಕರ್‌ನ ದ್ರಾವಕ ಕರಗಿಸಿ ಮೇಲಕ್ಕೆ ಎಳೆಯುತ್ತೆ. ಬಿಳಿ ಹೊಡೆದಾಗ ಚೆನ್ನಾಗೇ ಕಾಣುತ್ತೆ, ಒಣಗುತ್ತಾ ಗುಲಾಬಿಗೆ ತಿರುಗುತ್ತೆ. ಅದರ ಮೇಲೆ ಇನ್ನೊಂದು ಕೋಟ್ ಬಿಳಿ ಹೊಡೆದರೂ ಪ್ರಯೋಜನ ಕಮ್ಮಿ, ಒದ್ದೆ ಕೋಟ್ ಬಿದ್ದಾಗಲೆಲ್ಲ ಕೆಂಪು ಮತ್ತೆ ಎದ್ದು ಬರುತ್ತೆ. ಬೂದು ಪ್ರೈಮರ್ ಒಂದನ್ನೇ ನಂಬಬೇಡಿ. ಪ್ರೈಮರ್ ಮೇಲೆ ಒಂದು ತೆಳು ಬೆಳ್ಳಿ ಬಣ್ಣದ ಕೋಟ್ ಹಾಕಿ, ಅದರಲ್ಲಿರುವ ಲೋಹದ ಕಣಗಳು ಅಡ್ಡ ನಿಲ್ಲುತ್ತವೆ. ಅದರ ಮೇಲೆ ಬಿಳಿ ಪ್ರೈಮರ್, ಆಮೇಲೆ ಬಿಳಿ. ಇಷ್ಟನ್ನೂ ಮೊದಲು ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಕೆಂಪು ಸ್ಪ್ರೂ ಚೌಕಟ್ಟಿನ ಮೇಲೆ ಮಾಡಿ, ಕೆಲವು ದಿನ ಬಿಟ್ಟು ನೋಡಿ. ಅದೂ ಅದೇ ಪ್ಲಾಸ್ಟಿಕ್ ಅಲ್ವಾ, ಅಲ್ಲಿ ಗುಲಾಬಿ ಆಗದಿದ್ದರೆ ಬಾಡಿಯಲ್ಲೂ ಆಗುವುದಿಲ್ಲ.

ಕ್ಯಾನ್‌ಪ್ರೇಮಿ:
ಕ್ಯಾನ್ ಸಾಕು, ಧೈರ್ಯವಾಗಿ ಹೊಡೀರಿ. ತಮಿಯಾ ಕಂಪನಿಯ ಕ್ಯಾನ್ ಆದರೆ ಟಿಎಸ್ ಸರಣಿ ನೋಡಿ ತಗೊಳ್ಳಿ. ಪಿಎಸ್ ಅಂತ ಇರುವುದು ರಿಮೋಟ್ ಕಾರುಗಳ ಪಾಲಿಕಾರ್ಬೊನೇಟ್ ಬಾಡಿಗೆ, ನಿಮ್ಮ ಕಿಟ್‌ಗೆ ಅಲ್ಲ.

ಹೊಡೆಯುವ ಮೊದಲು ಕ್ಯಾನನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ಇಡಿ. ಕುದಿಯುವ ನೀರು ಬೇಡವೇ ಬೇಡ, ಒಲೆ ಹತ್ತಿರ ಅಂತೂ ತರಲೇಬೇಡಿ, ಕ್ಯಾನ್ ಸಿಡಿಯುತ್ತೆ. ಬೆಚ್ಚಗಾದರೆ ಒಳಗಿನ ಒತ್ತಡ ಜಾಸ್ತಿಯಾಗಿ ಹನಿಗಳು ಸಣ್ಣದಾಗಿ ಬೀಳುತ್ತವೆ. 15ರಿಂದ 20 ಸೆಂಟಿಮೀಟರ್ ದೂರದಿಂದ ಹೊಡೀರಿ. ಬಾಡಿಯ ಆಚೆ ಗುಂಡಿ ಒತ್ತಿ, ಬಾಡಿ ದಾಟಿದ ಮೇಲೇ ಬಿಡಿ. ಮೊದಲ ಎರಡು ಕೋಟ್ ಬರೀ ಮಂಜು ಬಿದ್ದಷ್ಟು, ಕೊನೆಯದು ಸ್ವಲ್ಪ ಒದ್ದೆಯಾಗಿ. ತುಂಬ ದೂರದಿಂದ ಹೊಡೆದರೆ ಹನಿಗಳು ದಾರಿಯಲ್ಲೇ ಅರ್ಧ ಒಣಗುತ್ತವೆ, ಬಾಡಿಯ ಮೇಲೆ ಹರಡಿ ಸಮವಾಗುವುದಿಲ್ಲ, ಕಿತ್ತಳೆ ಸಿಪ್ಪೆ ಥರ ತರಿತರಿ ಉಳಿಯುತ್ತೆ. ತುಂಬ ಹತ್ತಿರ ಹೋದರೆ ಬಣ್ಣ ಸೋರಿ ಇಳಿದುಹೋಗುತ್ತೆ. ಮಳೆ ಬಂದು ಗಾಳಿಯಲ್ಲಿ ತೇವ ಇರುವ ದಿನ ಕ್ಲಿಯರ್ ಮುಟ್ಟಬೇಡಿ, ಹಾಲಿನ ಪೊರೆ ಕಟ್ಟುತ್ತೆ.

ಮಾಸ್ಕ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎನ್95 ಕಣಗಳನ್ನು ಮಾತ್ರ ತಡೆಯುತ್ತೆ, ದ್ರಾವಕದ ಆವಿಯನ್ನಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಕಿಟಕಿಗಳೂ ತೆರೆದಿರಬೇಕು.

ತೆಳುಕೋಟ್:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ "ಕ್ಯಾನ್ ಸಾಕು" ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1:24ರಲ್ಲಿ ಬಣ್ಣದ ದಪ್ಪವೂ 24 ಪಟ್ಟು ಕಾಣುತ್ತೆ. ಬಾಡಿಯ ಮೇಲೆ ಎಲ್ಲ ಕೋಟ್ ಸೇರಿ 0.1 ಮಿಲಿಮೀಟರ್ ಆದರೆ, ನಿಜವಾದ ಕಾರಿನ ಲೆಕ್ಕದಲ್ಲಿ ಅದು 2.4 ಮಿಲಿಮೀಟರ್ ದಪ್ಪದ ಬಣ್ಣ. ಲೋಗೋ, ಹಿಡಿಕೆ, ವೈಪರ್ ಬುಡ ಎಲ್ಲ ಮೊಂಡಾಗಿ ಕಾಣುವುದು ಇದರಿಂದಲೇ. ಪ್ರೈಮರ್, ಬೆಳ್ಳಿ, ಬಿಳಿ ಪ್ರೈಮರ್, ಬಿಳಿ, ಕ್ಲಿಯರ್ ಅಂತ ಇಷ್ಟು ಪದರ ಬೇಕಾದ ಕಾರಿಗೆ ಏರ್‌ಬ್ರಶ್‌ನಷ್ಟು ತೆಳುವಾಗಿ ಕ್ಯಾನ್ ಹೊಡೆಯಲು ಕೈ ತುಂಬ ಪಳಗಿರಬೇಕು. ಈ ಕಾರನ್ನು ಕ್ಯಾನ್‌ನಲ್ಲೇ ಮಾಡಿ, ಬೇಡ ಅನ್ನುತ್ತಿಲ್ಲ. ಹವ್ಯಾಸ ಮುಂದುವರಿಸುವ ಮನಸ್ಸಿದ್ದರೆ ಮುಂದೆ ಕೊಳ್ಳುವ ಮೊದಲ ದೊಡ್ಡ ವಸ್ತು ಏರ್‌ಬ್ರಶ್, ಕಂಪ್ರೆಸರ್ ಆಗಲಿ, ಇನ್ನೂ ನಾಲ್ಕು ಕಿಟ್ ಅಲ್ಲ.

ನೆಲಮಟ್ಟ:
ಕಾರು ಇಳಿಸುವ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನನಗೆ ಇದೇ ಇಷ್ಟದ ಕೆಲಸ. ಒಂದು ಲೆಕ್ಕ ತಲೆಯಲ್ಲಿ ಇರಲಿ: ಮಾಡೆಲ್‌ನಲ್ಲಿ 1 ಮಿಲಿಮೀಟರ್ ಅಂದರೆ ನಿಜದಲ್ಲಿ 24 ಮಿಲಿಮೀಟರ್. 2 ಮಿಲಿಮೀಟರ್ ಇಳಿಸಿದರೆ ಸುಮಾರು 5 ಸೆಂಟಿಮೀಟರ್ ಇಳಿಸಿದ ಹಾಗೆ, ರಸ್ತೆಯ ಕಾರಿಗೆ ಅದು ಧಾರಾಳ ಆಯ್ತು. ಅದಕ್ಕಿಂತ ಜಾಸ್ತಿ ಮಾಡಿದರೆ ಟೈರ್ ಮಡ್‌ಗಾರ್ಡ್ ಒಳಗೆ ತಗಲುತ್ತೆ, ಒಳಗಿನ ಪ್ಲಾಸ್ಟಿಕ್ ಕೆತ್ತಿ ತೆಳು ಮಾಡಬೇಕಾಗುತ್ತೆ.

ಸ್ಪ್ರಿಂಗ್ ಕತ್ತರಿಸಿ ಇಳಿಸುತ್ತೇನೆ ಅಂದುಕೊಳ್ಳಬೇಡಿ. ಹೆಚ್ಚಿನ ಕಿಟ್‌ಗಳಲ್ಲಿ ಸ್ಪ್ರಿಂಗ್ ನೋಡಲಿಕ್ಕಷ್ಟೇ, ಎತ್ತರ ತೀರ್ಮಾನ ಆಗುವುದು ಆಕ್ಸಲ್ ಕೂರುವ ಜಾಗದಲ್ಲಿ. ಆ ಆಕ್ಸಲ್ ತುದಿಯನ್ನು ಕತ್ತರಿಸಿ, ಬೇಕಾದಷ್ಟು ಮೇಲೆ ಸರಿಸಿ ಅಂಟಿಸಬೇಕು. ಕತ್ತರಿಸಿದ ಜಾಗ ದುರ್ಬಲ, ಒಳಗೊಂದು ತೆಳು ಲೋಹದ ತಂತಿ ತೂರಿಸಿ. ಅಂಟು ಒಣಗುವಾಗ ನಾಲ್ಕೂ ಚಕ್ರ ಹಾಕಿ ಗಾಜಿನ ತುಂಡಿನ ಮೇಲೆ ನಿಲ್ಲಿಸಿ. ಒಂದು ಚಕ್ರ ಗಾಳಿಯಲ್ಲಿ ನಿಂತರೆ ಎಷ್ಟು ಚೆಂದದ ಬಣ್ಣ ಇದ್ದರೂ ಕಣ್ಣು ಅಲ್ಲಿಗೇ ಹೋಗುತ್ತೆ.

ಇನ್ನೊಂದು ಕಿಟ್‌ನ ಚಕ್ರ ಅಂದಿರಲ್ಲ, ಆ ಕಿಟ್ 1:24ರದ್ದಾ, 1:25ರದ್ದಾ ನೋಡಿ. ಜಪಾನಿ ಕಿಟ್‌ಗಳು ಹೆಚ್ಚಾಗಿ 1:24, ಅಮೆರಿಕನ್ ಕಿಟ್‌ಗಳಲ್ಲಿ 1:25 ಜಾಸ್ತಿ. 17 ಇಂಚಿನ ರಿಮ್ 1:24ರಲ್ಲಿ 18 ಮಿಲಿಮೀಟರ್, 1:25ರಲ್ಲಿ 17.3. ಇಷ್ಟು ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಧಾರಾಳವಾಗಿ ಬಳಸಬಹುದು. ಚಕ್ರದ ಹಿಂಬದಿಯ ತೂತಿನ ಅಳತೆ ಮಾತ್ರ ಬೇರೆ ಇರಬಹುದು, ಆಗ ಪಾಲಿಕ್ಯಾಪ್ (ಚಕ್ರವನ್ನು ಆಕ್ಸಲ್ ಮೇಲೆ ಹಿಡಿದಿಡುವ ಮೆತ್ತನೆಯ ಪ್ಲಾಸ್ಟಿಕ್ ಬಿಲ್ಲೆ) ಬದಲಿಸಬೇಕು ಅಥವಾ ಸಣ್ಣ ಹಿತ್ತಾಳೆ ಕೊಳವೆ ಹಾಕಬೇಕು.

ಪುಟ್ಟಚಕ್ರ:
ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಸ್ಪ್ರೂ ಮೇಲೆ ಅರ್ಧಕ್ಕೆ ಬೆಳ್ಳಿ ಹಾಕಿ, ಅರ್ಧಕ್ಕೆ ಹಾಕದೆ ಬಿಳಿ ಹೊಡೆದಿದ್ದೆ. ಹಾಕದ ಅರ್ಧ ಗುಲಾಬಿ ಆಗಿದೆ, ಇನ್ನೊಂದು ಅರ್ಧ ಬಿಳಿಯಾಗೇ ಇದೆ. ಚಕ್ರವೂ ಅಳತೆಗೆ ಸರಿಹೋಯಿತು. ಇನ್ನು ಡೀಕಲ್ ಪಟ್ಟಿ ಕ್ಲಿಯರ್‌ಗೆ ಮೊದಲಾ, ಆಮೇಲಾ? ಕಿಟಕಿ ಗಾಜಿಗೆ ಯಾವ ಅಂಟು? ಸಂದುಗೆರೆಗೆ ಕಪ್ಪು ತುಂಬುವುದು ಯಾವಾಗ?

ಕ್ಯಾನ್‌ಪ್ರೇಮಿ:
ಡೀಕಲ್ ಮೊದಲು, ಪೂರ್ತಿ ಒಣಗಿದ ಮೇಲೆ ಕ್ಲಿಯರ್. ಆಗ ಡೀಕಲ್ ಅಂಚು ಕಾಣಿಸುವುದಿಲ್ಲ. ಆದರೆ ಲ್ಯಾಕರ್ ಕ್ಲಿಯರ್ ಒಮ್ಮೆಲೇ ಒದ್ದೆಯಾಗಿ ಬಿದ್ದರೆ ಡೀಕಲ್ ಸುಕ್ಕಾಗಬಹುದು, ಹಾಗಾಗಿ ಮೊದಲು ಮಂಜಿನ ಕೋಟ್‌ಗಳು. ಪಾಲಿಶ್‌ಗೆ ಅವಸರ ಬೇಡ. ಬಾಡಿಯನ್ನು ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ವಾಸನೆ ಹೋದ ಮೇಲೆ 2000ಕ್ಕಿಂತ ನಯವಾದ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ ಪಾಲಿಶ್ ಕಾಂಪೌಂಡ್. ಏಣು ಇರುವ ಕಡೆ ಕೈ ಹಗುರ ಇರಲಿ, ಅಲ್ಲಿ ಬಣ್ಣ ತೆಳು ಇರುತ್ತೆ, ನಿಮ್ಮ ಕಾರಲ್ಲಿ ಅದರ ಕೆಳಗೆ ಬೆಳ್ಳಿ ಕಾಯುತ್ತಿದೆ.

ಮರಳುಕಾಗದ:
ಗಾಜಿಗೆ ಬಿಳಿ ಪಿವಿಎ ಅಂಟು (ಮರಕ್ಕೆ, ಕಾಗದಕ್ಕೆ ಹಾಕುವ ಬಿಳಿ ಗೋಂದು). ಒಣಗಿದರೆ ಪಾರದರ್ಶಕ ಆಗುತ್ತೆ, ಆಚೀಚೆ ತಗುಲಿದರೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸೂಪರ್ ಗ್ಲೂ ಬೇಡ, ಅದರ ಆವಿಗೆ ಗಾಜಿನ ಮೇಲೆ ಬಿಳಿ ಮಬ್ಬು ಕೂರುತ್ತೆ.

ಸಂದುಗೆರೆಗೆ ಕಪ್ಪು ತುಂಬುವುದು ಪಾಲಿಶ್ ಆದ ಮೇಲೆ, ತುಂಬ ತೆಳು ಮಾಡಿದ ಎನಾಮೆಲ್ ಬಣ್ಣದಲ್ಲಿ, ಅಂದರೆ ಎನಾಮೆಲ್ ವಾಷ್‌ನಲ್ಲಿ. ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಹಚ್ಚಬಹುದು, ಜಾಸ್ತಿಯಾದದ್ದನ್ನು ಎನಾಮೆಲ್ ಥಿನ್ನರ್ ಮುಟ್ಟಿಸಿದ ಕಿವಿಕಡ್ಡಿಯಲ್ಲಿ ಒರೆಸಿದರೆ ಕೆಳಗಿನ ಬಣ್ಣಕ್ಕೆ ಏನೂ ಆಗುವುದಿಲ್ಲ. ಇದನ್ನು ಉಲ್ಟಾ ಮಾತ್ರ ಮಾಡಬೇಡಿ, ಎನಾಮೆಲ್ ಮೇಲೆ ಲ್ಯಾಕರ್ ಬಿದ್ದರೆ ಸುಕ್ಕುಗಟ್ಟುತ್ತೆ. ಮತ್ತೆ ನಿಮ್ಮದು ಬಿಳಿ ಕಾರು, ಕಪ್ಪು ವಾಷ್ ಪೆನ್ಸಿಲ್‌ನಲ್ಲಿ ಗೆರೆ ಎಳೆದಂತೆ ಎದ್ದು ಕಾಣುತ್ತೆ. ಬಾಗಿಲು, ಬಾನೆಟ್‌ಗೆ ಗಾಢ ಬೂದು ಹಾಕಿ. ಕಪ್ಪು ಮುಂದಿನ ಗ್ರಿಲ್‌ಗೆ ಇರಲಿ.